ಗಾಜಿನಜ್ಜ ಲ್ಯಾಪ್‌ಟಾಪ್ ಚೀಲ ಆರಿಸಿದ್ದು

ನಲವತ್ತು ವರ್ಷ ಕಿಟಕಿಗಳಿಗೆ ಗಾಜು ಕೂರಿಸಿದ ಅಜ್ಜನಿಗೆ ಕೆಲಸ ಬಿಟ್ಟ ಮೇಲೂ ಒಂದು ಚಟ ಉಳಿದಿತ್ತು. ಒಡೆದದ್ದು ಕಂಡರೆ ಸಾಕು, ಅದು ಹೇಗೆ ಒಡೆಯಿತೆಂದು ಗೊತ್ತಾಗುವವರೆಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹಾಗಾಗಿ ರಿಪೇರಿಯಾದ ಲ್ಯಾಪ್‌ಟಾಪ್ ತರಲು, ಜೊತೆಗೊಂದು ಗಟ್ಟಿ ಚೀಲ ಕೊಳ್ಳಲು ಮಗಳು ಹೊರಟಾಗ, ಯಾರೂ ಕರೆಯದಿದ್ದರೂ ಚಪ್ಪಲಿ ಮೆಟ್ಟಿದ. ಒಂಬತ್ತು ವರ್ಷದ ಮೊಮ್ಮಗಳೂ ಬಂದಳು, ಅಮ್ಮನಿಂದ ನಾಲ್ಕು ಹೆಜ್ಜೆ ಹಿಂದೆ.

ಮೂರು ವಾರದಿಂದ ಹೀಗೆಯೇ. ಮಗಳು ಮನೆಮನೆಗೆ ಹೋಗಿ ಪುಟ್ಟ ಮಕ್ಕಳ ಕಿವಿ ಪರೀಕ್ಷಿಸುವವಳು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಕೈ ಕಟ್ಟಿಹಾಕಿದ ಹಾಗೆ. ಒಂದು ಬೆಳಿಗ್ಗೆ ಚೀಲ ತೆರೆದರೆ ಪರದೆಯ ತುಂಬ ಬಿರುಕು. ಹಿಂದಿನ ಸಂಜೆ ಚೀಲವನ್ನು ಮೇಜಿನಿಂದ ಬೀರುವಿಗೆ ಸಾಗಿಸಿದ್ದು ಹುಡುಗಿ. ಬೀಳಿಸಿಲ್ಲ ಎಂದು ಅವಳು ಅತ್ತಳು. "ಬೀಳ್ಸಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಬೇಜಾರು" ಎಂದು ಅಮ್ಮ ದಿನಾ ಹೇಳುತ್ತಿದ್ದಳು. ಕಣ್ಣಾರೆ ನೋಡದೆ ಅಜ್ಜ ಯಾರ ಪರ ವಹಿಸುವುದು? ಅವನು ಊರಿಂದ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿಯಾಗಿತ್ತು.

ಅಂಗಡಿಯವನು ಆರು ಚೀಲ ಹರಡಿದ.

"ಇದು ನೋಡಿ ಮೇಡಂ, ಎರಡು ಬೆರಳು ದಪ್ಪ ಸ್ಪಂಜು. ಮಹಡಿಯಿಂದ ಎಸೆದ್ರೂ ಏನೂ ಆಗಲ್ಲ."

"ಎಸೆದು ತೋರ್ಸಪ್ಪ," ಅಂದ ಅಜ್ಜ.

ಅಂಗಡಿಯವನು ಜಾಣ ಕಿವುಡು ನಟಿಸಿ ಇನ್ನೊಂದು ಚೀಲ ಎತ್ತಿದ. ಅಜ್ಜ ಸುಮ್ಮನಿರುವ ಪೈಕಿಯೇ ಅಲ್ಲ. "ಬಿಚ್ಚಿದ ಹಳೇ ಪರದೆ ಎಲ್ಲಿ? ಒಂಚೂರು ಕೊಡು" ಎಂದು ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದ. ಒಂದೊಂದು ಬಿರುಕಿನ ಮೇಲೂ ಬೆರಳಿಟ್ಟು ಅದು ಹುಟ್ಟಿದ ಕಡೆಗೆ ಹೋದ. ಎಲ್ಲವೂ ಒಂದೇ ಜಾಗಕ್ಕೆ ಬಂದು ಸೇರುತ್ತಿದ್ದವು, ಅಂಚಿನಿಂದ ನಾಲ್ಕು ಬೆರಳು ಒಳಕ್ಕೆ. ನಾಲ್ಕು ಮೂಲೆಗಳಲ್ಲಿ ಒಂದು ತರಚೂ ಇರಲಿಲ್ಲ.

"ಬಿದ್ದಿದ್ರೆ ಮೂಲೆಗೆ ಪೆಟ್ಟು ಬೀಳೋದು, ಅಲ್ಲಿಂದ ಸೀಳೋದು. ಇದು ಬಿದ್ದಿಲ್ಲ ಮಗಳೇ, ಏನೋ ಒತ್ತಿದೆ. ಇದರ ಮೇಲೆ ಏನಿಡ್ತಿದ್ದೆ?"

"ಏನೂ ಇಲ್ಲಪ್ಪ. ಮರೀಬಾರ್ದು ಅಂತ ಚಾರ್ಜರ್ ಮುಂದಿನ ಜೇಬಲ್ಲಿ..."

ಅವಳು ಹೆಗಲಿಗೇರಿಸಿ ತಂದಿದ್ದ ಹಳೆಯ ಚೀಲಕ್ಕೇ ಅಜ್ಜ ಪರದೆಯನ್ನು ತೂರಿಸಿ, ಅದರಲ್ಲೇ ಇದ್ದ ಚಾರ್ಜರನ್ನು ಮುಂದಿನ ಜೇಬಿಗಿಟ್ಟು, ಹೊರಗಿನಿಂದ ತಡವಿದ. ಚಾರ್ಜರಿನ ಗಟ್ಟಿ ಮೂಲೆ ಸರಿಯಾಗಿ ಆ ಜಾಗದ ಮೇಲೇ ಕೂತಿತ್ತು.

"ಬಸ್ಸಲ್ಲಿ ಹೇಗೆ ಹಿಡ್ಕೋತೀಯ ಇದನ್ನ?"

"ನೂಕುನುಗ್ಗಲು ಇರುತ್ತಲ್ಲ," ಮಗಳ ದನಿ ಇಳಿಯಿತು. "ಬೀಳಬಾರ್ದು ಅಂತ ಎದೆಗೆ ಬಿಗಿಯಾಗಿ ಅವಚ್ಕೊಂಡೇ ನಿಂತಿರ್ತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ಅಜ್ಜ ಜೇಬೇ ಇಲ್ಲದ ಒಂದು ಸಾದಾ ಚೀಲವನ್ನು ಪಕ್ಕಕ್ಕೆ ಸರಿಸಿ, "ಇದನ್ನ ಕಟ್ಟಪ್ಪ" ಅಂದ.

ಮಗಳು ಅಂಗಡಿಯ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತಳು. "ತಪ್ಪು ನಂದೇ ಪುಟ್ಟಿ. ನೀನು ನಿಜಾನೇ ಹೇಳಿದ್ದೆ."

ಹುಡುಗಿ ಅಮ್ಮನ ಮುಖ ನೋಡದೆ ಅಜ್ಜನನ್ನು ಕೇಳಿದಳು: "ಹಾಗಾದ್ರೆ ನಾನು ಬೀಳ್ಸೇ ಇಲ್ವಾ?"

"ಇಲ್ಲ ಕಂದಾ. ಅದು ನಿಂಗೇ ಗೊತ್ತಿತ್ತಲ್ಲ?"

"ಮೊದ್ಲು ಗೊತ್ತಿತ್ತು. ಆಮೇಲೆ ಅಮ್ಮ ದಿನಾ ಹೇಳಿ ಹೇಳಿ, ಬೀಳ್ಸಿದ್ದು ನೆನಪಾಗೋಕೆ ಶುರುವಾಯ್ತು."