ಕ್ಲಚ್ಚು ಬಿಡುವ ಮಾತು

ಫೋನು ಬಡಿದುಕೊಂಡಾಗ ಕ್ಷೌರದಂಗಡಿಯವನ ಕೈಯಲ್ಲಿ ಅರ್ಧ ಮುಗಿದ ತಲೆಯೊಂದಿತ್ತು. ಫೋನು ಮಾಡಿದವಳು ತೀರಿಕೊಂಡ ಗೆಳೆಯನ, ಅಂದರೆ ದರ್ಜಿಯ, ಹೆಂಡತಿ.

“ಅಣ್ಣ, ಕಾರು ಸ್ಟಾರ್ಟ್ ಆಗ್ತಿಲ್ಲ. ಬ್ಯಾಂಡಿನ ಮಕ್ಕಳ ಅಂಗಿಯೆಲ್ಲ ಒಳಗೆ ತುಂಬಿದೀನಿ. ಮಧ್ಯಾಹ್ನ ಅವರ ಮೆರವಣಿಗೆ. ಪೇಂಟರನ್ನೂ ಬೇಕರಿ ಗುಂಡಣ್ಣನನ್ನೂ ಕರ್ಕೊಂಡು ಬಂದು ತಳ್ಳಿಕೊಡ್ತೀರಾ?”

ಬರ್ತೀನಿ ಅಂದ. ಅನ್ನದೆ ಇನ್ನೇನು ಮಾಡಿಯಾನು? ಗಂಡ ಹೋದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಹೊಲಿಗೆ ಕೆಲಸ ಅದು. ಆದರೆ ಕತ್ತರಿ ಮೇಜಿನ ಮೇಲಿಡಲು ಹೋಗಿ ನೆಲಕ್ಕೆ ಬೀಳಿಸಿದ. ಗಿರಾಕಿ ಅದನ್ನು ಕನ್ನಡಿಯಲ್ಲಿ ನೋಡಿ, ತನ್ನ ಎರಡೂ ಕಿವಿ ಇವೆಯೇ ಎಂದು ಮುಟ್ಟಿ ನೋಡಿಕೊಂಡ.

“ಬಂದೆ, ಸ್ವಲ್ಪ ಕೂತಿರಿ,” ಎಂದು ಹೇಳಿ ಅವನು ಹೊರಟ.

ಅದೇ ಕಾರು. ದರ್ಜಿ ಬದುಕಿದ್ದಾಗ ಅದು ಆಗಾಗ ಮುನಿಸಿಕೊಂಡು ನಿಲ್ಲುತ್ತಿತ್ತು, ಕ್ಷೌರದವನು, ಪೇಂಟರು, ಬೇಕರಿಯ ಗುಂಡ ಮೂವರೂ ಬಂದು ತಳ್ಳುತ್ತಿದ್ದರು. ದರ್ಜಿ ಗೇರು ಹಾಕಿ ಕ್ಲಚ್ಚು ತುಳಿದು ಕೂರುತ್ತಿದ್ದ. ಕಾರಿಗೆ ಓಟ ಬಂತು ಅನ್ನಿಸಿದಾಗ ಕ್ಷೌರದವನು “ಬಿಡು” ಎಂದು ಕೂಗುತ್ತಿದ್ದ. ದರ್ಜಿ ಕಾಲೆತ್ತುತ್ತಿದ್ದ, ಎಂಜಿನ್ನು ಕೆಮ್ಮಿ ಏಳುತ್ತಿತ್ತು. ಕೂಗುವುದು ಯಾವಾಗಲೂ ಇವನೇ.

ಹೋದ ವರ್ಷ ಒಂದು ದಿನ ಹಾಗೆಯೇ ಕೂಗಿದ. ಕಾರು ಸುಮ್ಮನೆ ಉರುಳಿತು. ಮತ್ತೆ ಕೂಗಿದ. ಹಿಂದಿನ ಗಾಜಿನಲ್ಲಿ ಗೆಳೆಯನ ಹೆಕ್ಕತ್ತು ಕಾಣುತ್ತಿತ್ತು. ಮುನ್ನಾದಿನ ತಾನೇ ಕೂದಲು ಕತ್ತರಿಸಿ ಪೌಡರು ಹಚ್ಚಿದ ಹೆಕ್ಕತ್ತು, ಒಂದಿಷ್ಟೂ ಅಲುಗಲಿಲ್ಲ. ಗುಂಡನಿಗೆ ಏದುಸಿರು, ಪೇಂಟರಿಗೆ ನಗು. ಆಗ ಕ್ಷೌರದವನು, ಗೆಳೆಯನಿಗೆ ಯಾರಾದರೂ ಅನ್ನುವ ಹಾಗೆ, ಅಂದ: “ಸತ್ತೆಯೇನೋ? ಬಿಡೋ, ಹಾಳಾದವನೇ.”

ಕಾರು ರಸ್ತೆ ಬದಿಯ ಮರಳಿಗೆ ಮೂಗು ತಾಗಿಸಿ ನಿಂತಿತು. ದರ್ಜಿಯ ಎಡಗಾಲು ಕ್ಲಚ್ಚಿನ ಮೇಲೆ ಬಿಗಿದೇ ಇತ್ತು. ಅವನ ಎದೆ ಯಾವ ಗಳಿಗೆಯಲ್ಲಿ ನಿಂತಿತೋ ಯಾರಿಗೂ ಗೊತ್ತಿಲ್ಲ. ಮೂವರೂ ನಗುತ್ತ ಹೆಣವನ್ನು ತಳ್ಳಿದ್ದರು.

ಅಂದಿನಿಂದ ಆ ಒಂದು ಪದ ಕ್ಷೌರದವನ ಬಾಯಿಂದ ಹೊರಟಿರಲಿಲ್ಲ. ಹೇಳಿದಷ್ಟು ಸುಲಭವಲ್ಲ ಅದು. ನಮ್ಮ ಮಾತಿನಲ್ಲಿ ‘ಬಿಡು’ ಅನ್ನದೆ ಜಗಳ ಮುಗಿಸಲಾಗದು, ಯಾರನ್ನಾದರೂ ಸಮಾಧಾನ ಮಾಡಲೂ ಆಗದು. ‘ಹೋಗಲಿ ಬಿಡು’ ಅನ್ನಬೇಕಾದಲ್ಲಿ ಅವನು ‘ಹೋಗಲಿ’ ಅಂದು ಬಾಯಿ ತೆರೆದೇ ನಿಲ್ಲುತ್ತಿದ್ದ, ಎದುರಿದ್ದವರು ಇನ್ನೇನೋ ಬರುತ್ತದೆಂದು ಕಾಯುತ್ತಿದ್ದರು. ಮೀಸೆ ಬಿಡಲೇ, ತೆಗೆಯಲೇ ಎಂದು ಕೇಳಲಾರದೆ ತನ್ನ ತುಟಿಯ ಮೇಲೆ ಬೆರಳಾಡಿಸಿ ಹುಬ್ಬು ಹಾರಿಸುತ್ತಿದ್ದ. ಕುರ್ಚಿಯಲ್ಲಿ ಕೂತವರು ಅಲುಗದಿದ್ದರೆ ಭುಜ ತಟ್ಟಿ ನೋಡುತ್ತಿದ್ದ. ಕತ್ತರಿ ಸುಮ್ಮನಾದಾಗ ಹೊರಗೆ ಎಂಜಿನ್ನಿಲ್ಲದೆ ಚಕ್ರ ಉರುಳುವ ಸದ್ದು, ಜಲ್ಲಿಯ ಮೇಲೆ ಸಣ್ಣಗೆ, ಕೇಳುತ್ತಿತ್ತು. ಬಾಗಿಲಿಗೆ ಓಡಿ ನೋಡಿದರೆ ಬೀದಿ ಖಾಲಿ.

ಗೆಳೆಯನ ಹೆಂಡತಿಗೆ ಅವನು ಹೇಳಿದ್ದು ಇಷ್ಟೇ: ಕೂಗಿದೆವು, ಓಗೊಡಲಿಲ್ಲ. ಏನೆಂದು ಕೂಗಿದಿರಿ ಎಂದು ಅವಳು ಕೇಳಿದರೆ ಗತಿಯೇನು ಎಂದು ಹೆದರಿ, ಅವಳ ಬೀದಿಯನ್ನೇ ತಪ್ಪಿಸಿ ಓಡಾಡಿಕೊಂಡಿದ್ದ.

ಮೂವರೂ ಹೋದಾಗ ಅವಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಪಕ್ಕದ ಸೀಟಿನಲ್ಲಿ ಕೆಂಪು ಅಂಗಿಗಳ ರಾಶಿ.

“ಈ ಮುದಿಗೂಬೆಯನ್ನ ಇನ್ನೂ ಸಾಕ್ತಿದೀಯಲ್ಲ ತಾಯಿ,” ಅಂದ ಗುಂಡ.

“ನಿಮ್ಮನ್ನೆಲ್ಲ ಕರೆಸೋಕೆ ಒಂದು ನೆಪ ಬೇಕಲ್ಲಣ್ಣ. ಹಾಗೆ ಕರೆದ್ರೆ ಎಲ್ಲಿ ಬರ್ತೀರಿ?”

ಮೂವರೂ ಹಿಂದೆ ಬಂದು ಡಿಕ್ಕಿಯ ಮೇಲೆ ಕೈಯಿಟ್ಟಾಗ ಪೇಂಟರ್ ಮೆಲ್ಲಗೆ ಕೇಳಿದ, “ಯಾರು ಕೂಗೋದು?”

“ನನ್ನ ಕೈಲಾಗಲ್ಲ. ನೀನು ಕೂಗು,” ಅಂದ ಕ್ಷೌರದವನು.

“ನನಗೂ ಆಗಲ್ಲ ಕಣೋ.”

ಗುಂಡ ನೆಲ ನೋಡಿದ. ಅಷ್ಟರಲ್ಲಿ ಅವಳು “ತಳ್ಳಿ” ಅಂದಳು.

ತಳ್ಳಿದರು. ಚಕ್ರ ಉರುಳಿತು, ಜಲ್ಲಿಯ ಮೇಲೆ ಅದೇ ಸಣ್ಣ ಸದ್ದು. ಓಟ ಬಂತು. ಯಾರೂ ಕೂಗಲಿಲ್ಲ. ಕೂದಲನ್ನು ಮೇಲೆತ್ತಿ ಗಂಟು ಹಾಕಿದ್ದ ಅವಳ ಹೆಕ್ಕತ್ತು ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು, ಅಲುಗದೆ. ಪೇಂಟರ ಕೈ ಸಡಿಲವಾಯಿತು. ಗುಂಡ ದೇವರೇ ಅಂದ. ಕ್ಷೌರದವನು ಮುಂದಕ್ಕೆ ಓಡಿ, ಕಿಟಕಿಗೆ ಮುಖವಿಟ್ಟು ಕಿರುಚಿದ:

“ಬಿಡಮ್ಮಾ, ಬಿಡು.”

ಕಾರು ಮುಗ್ಗರಿಸಿತು, ಕೆಮ್ಮಿತು, ಎದ್ದಿತು.

ಹತ್ತು ಮಾರು ದೂರದಲ್ಲಿ ನಿಲ್ಲಿಸಿ, ಎಂಜಿನ್ನು ಆರದಂತೆ ಕಾಲೊತ್ತಿಕೊಂಡೇ ಅವಳು ಕಾದಳು. ಅವನು ಹತ್ತಿರ ಬಂದಾಗ ಮುಖ ತಿರುಗಿಸದೆ ಕೇಳಿದಳು, “ಅವತ್ತು ಅವರಿಗೆ ಏನಂತ ಕೂಗಿದ್ರಿ ಅಣ್ಣ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಅವನಿಗೆ ಸಾಕಾಗಿತ್ತು.

“ಸತ್ತೆಯೇನೋ, ಬಿಡೋ, ಅಂದೆ. ಹಾಳಾದವನೇ ಅಂತಾನೂ ಅಂದೆ ತಾಯಿ.”

ಎಂಜಿನ್ನು ಗುರುಗುಟ್ಟುತ್ತಿತ್ತು. ಅವಳು ಅಂಗಿಯೊಂದರ ಗುಂಡಿಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು. ಕಣ್ಣು ತುಂಬಿಕೊಂಡೇ ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು.

“ಅವರಿಗೆ ಕೇಳಿಸಿದ್ರೆ ನಕ್ಕಿರ್ತಾರೆ,” ಅಂದಳು. “ನಗ್ತಾನೇ ಹೋಗಿರ್ತಾರೆ ಬಿಡಿ ಅಣ್ಣ.”

ಕಾರು ತಿರುವಿನಲ್ಲಿ ಮರೆಯಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ದಾರಿ ಹಿಡಿದರು. ಕೇಳಿಸಿದ್ದರೆ, ಅಂದಿದ್ದಳು ಅವಳು. ಆ ‘ರೆ’ ಅವನ ಜೊತೆಗೇ ಅಂಗಡಿಯವರೆಗೂ ನಡೆದು ಬಂತು.

ಅರ್ಧ ತಲೆಯ ಗಿರಾಕಿ ಕುರ್ಚಿಯಲ್ಲೇ ಕಾಯುತ್ತಿದ್ದ. ಕ್ಷೌರದವನು ಕತ್ತರಿ ಎತ್ತಿಕೊಂಡು ಉಳಿದರ್ಧ ಮುಗಿಸಿದ. ಕತ್ತರಿ ಸುಮ್ಮನಾದಾಗ ಹೊರಗೆ, ಜಲ್ಲಿಯ ಮೇಲೆ, ಎಂಜಿನ್ನಿಲ್ಲದೆ ಚಕ್ರ ಉರುಳುವ ಸದ್ದು ಕೇಳಿತು. ಈ ಸಲ ಅವನು ಬಾಗಿಲಿಗೆ ಹೋಗಲಿಲ್ಲ.

“ಮೀಸೆ ಬಿಡ್ಲಾ, ತೆಗೀಲಾ?” ಎಂದು ಗಿರಾಕಿಯನ್ನು ಕೇಳಿದ.