ನೇಲಿದಾ ಹುಡುಕಿದ ಅಲೆ

ಆ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೆರುವಿನ ಬಡಗಣ ತುದಿಯಲ್ಲಿ, ತುಂಬೇಸ್ ಕಡೆ, ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ಸಮುದ್ರಕ್ಕೆ ಇಳಿಯುವಲ್ಲಿ ಬೆಸ್ತರ ಒಂದು ಸಣ್ಣ ಕೇರಿ ಇದೆ ಎಂದಷ್ಟು ತಿಳಿದರೆ ಸಾಕು. ಅಲೆಯ ಮೇಲೆ ಸರ್ಫಿಂಗ್ ಬೋರ್ಡ್ ಇಟ್ಟು ಬದುಕುವ ನಮ್ಮ ಪಕಸ್ಮಾಯೊ ಜನರಲ್ಲಿ ಹೆಂಡತಿಗೆ ಹೊಡೆದವನಿಗೂ ಒಂದು ಲೋಟ ಬಿಯರ್ ಸಿಗುತ್ತದೆ. ಇನ್ನೊಬ್ಬರು ಹುಡುಕಿದ ಅಲೆಯ ಜಾಗವನ್ನು ಬಾಯಿಬಿಟ್ಟವನಿಗೆ ಮಾತ್ರ ಸಿಗುವುದಿಲ್ಲ. ಇದು ಗಂಡಸರ ಅಲೆಗಳಿಗಷ್ಟೇ ಇರುವ ಕಟ್ಟುಪಾಡು ಎಂದು ನೇಲಿದಾಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ನೇಲಿದಾ ಅಲ್ಲಿಂದ ದಕ್ಷಿಣಕ್ಕೆ ದೂರದಲ್ಲಿರುವ ನಮ್ಮೂರು ಪಕಸ್ಮಾಯೊದ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಗಂಡ ಎಡಿಲ್ಬೆರ್ತೊ, ಊರವರ ಬಾಯಲ್ಲಿ ಬೇತೊ, ದಂಡೆಯಲ್ಲಿ ಲೀಮಾದವರಿಗೆ ಸರ್ಫಿಂಗ್ ಕಲಿಸುತ್ತಿದ್ದ. ಎಲ್ಲಾದರೂ ಒಳ್ಳೆಯ ಅಲೆ ಎದ್ದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಗೆಳೆಯರ ಪಿಕಪ್ಪಿಗೆ ಬೋರ್ಡ್ ಕಟ್ಟಿ ಹೊರಟೇಬಿಡುತ್ತಿದ್ದ. ಮಗಳು ಹುಟ್ಟಿದ ದಿನ ಅವನು ಎಕ್ವಡಾರಿನಲ್ಲಿದ್ದ. ನೇಲಿದಾಳ ಅಪ್ಪನನ್ನು ಮಣ್ಣು ಮಾಡುವಾಗಲೂ ಎಲ್ಲೋ ನೀರಿನಲ್ಲಿದ್ದ. ಸಮುದ್ರ ಯಾರಿಗೂ ಕಾಯುವುದಿಲ್ಲವಲ್ಲ ಎಂದು ಅತ್ತೆ ಆರ್ಮಿದಾ ಮಗನ ಪರ ವಹಿಸುತ್ತಿದ್ದಳು. ಕಾಯುವುದಕ್ಕೆ ನೇಲಿದಾ ಇದ್ದಳು.

ಮಗಳು ಓದಲು ತ್ರುಹಿಯೊ ಪಟ್ಟಣಕ್ಕೆ ಹೋದ ಮೇಲೆ ಅವಳು ಗಂಡ ಮೂಲೆಗೆಸೆದಿದ್ದ ಹಳೇ ಬೋರ್ಡನ್ನು ಎತ್ತಿಕೊಂಡು ತಣ್ಣನೆಯ ನೀರಿಗಿಳಿದಳು. ಊರಿಗೆಲ್ಲ ಕಲಿಸುವವನು ಅವಳಿಗೆ ಕಲಿಸಲಿಲ್ಲ. ಬಿದ್ದು, ಉಪ್ಪು ನೀರು ಕುಡಿದು, ತುಟಿ ಒಡೆದುಕೊಂಡು ತಾನೇ ಕಲಿತಳು. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಊರವರು ನಕ್ಕರು. ನಕ್ಕಷ್ಟೂ ಅವಳಿಗೆ ಹಟ ಬಂತು.

ಐಸ್ ತುಂಬಿಸಲು ಬಡಗಣದಿಂದ ಮೀನಿನ ಲಾರಿಗಳು ಬರುತ್ತವೆ. ಒಂದು ಬೇಸಿಗೆಯಲ್ಲಿ ಒಬ್ಬ ಚಾಲಕ ಮೀನಿಲ್ಲದೆ ಖಾಲಿ ಲಾರಿ ತಂದು ಹಿಡಿಶಾಪ ಹಾಕಿದ. ನಾನು ಮೊದಲು ಹೇಳಿದ ಆ ಬೆಸ್ತರ ಕೇರಿಯಲ್ಲಿ ಉತ್ತರದಿಂದ ಅಲೆ ಬಂತೆಂದರೆ ದೋಣಿ ದಡ ಸೇರುವುದಿಲ್ಲವಂತೆ, ಬಂಡೆಯ ಹತ್ತಿರ ಎದ್ದ ಅಲೆ ಕಾಂಡ್ಲಾ ಕಾಡಿನವರೆಗೂ ಒಂದೇ ಸಮನೆ ಎಡಕ್ಕೆ ಸುರುಳಿ ಬಿಚ್ಚುತ್ತಾ ಹೋಗುತ್ತದಂತೆ. ಬೆಸ್ತರ ಪಾಲಿನ ಆ ಪೀಡೆ ಏನೆಂದು ನೇಲಿದಾಗೆ ತಕ್ಷಣ ಹೊಳೆಯಿತು. ಅಂಥ ಅಲೆಗಾಗಿ ಗಂಡಸರು ಜನ್ಮವೆಲ್ಲ ಅಲೆಯುತ್ತಾರೆ.

ಅವಳು ಯಾರಿಗೂ ಹೇಳಲಿಲ್ಲ. ಚಾಲಕನಿಂದ ಅಲ್ಲಿ ಕೋಣೆ ಕೊಡುವ ದೊನ್ಯಾ ಪೆತ್ರೊನೀಲಾ ಎಂಬ ವಿಧವೆಯ ನಂಬರ್ ಪಡೆದಳು. ಆಗಾಗ ಫೋನ್ ಮಾಡಿ, ಸಮುದ್ರ ಹೇಗಿದೆ ಎಂದು ವಿಚಾರಿಸಿಕೊಂಡಳು. ರಜೆ ಕೂಡಿಟ್ಟಳು. ಉತ್ತರದ ಅಲೆ ದೂರದಲ್ಲಿ ಹುಟ್ಟಿದ ಸುದ್ದಿ ಬಂದ ಮೇಲೆ ದಡ ಮುಟ್ಟಲು ಕೆಲವೇ ದಿನ ಹಿಡಿಯುತ್ತದೆ, ಆದ್ದರಿಂದ ಬ್ಯಾಗನ್ನು ಮಂಚದ ಕೆಳಗೆ ಕಟ್ಟಿಯೇ ಇಟ್ಟಿದ್ದಳು. ಬಿಸಿ ನೀರಿಗೆ ಒಗ್ಗುವ ಗಟ್ಟಿ ಮೇಣ ತಂದಳು. ನಮ್ಮೂರ ತಣ್ಣೀರಿಗೆ ಬೋರ್ಡಿಗೆ ಹಚ್ಚುವ ಮೆತ್ತನೆ ಮೇಣ ಅಲ್ಲಿ ಕರಗಿ ಕಾಲು ಜಾರುತ್ತದೆ. ಹೊಸ ಊರಿಗಿಂತ, ಹೊಸ ಅಲೆಗಿಂತ, ಯಾರಿಗೂ ಅಡುಗೆ ಮಾಡದ ನಾಲ್ಕು ದಿನ ಎಂಬುದೇ ಅವಳಿಗೆ ಹೆಚ್ಚು ಹಿತವಾಗಿತ್ತು.

ಆ ಗಟ್ಟಿ ಮೇಣವೇ ಅವಳನ್ನು ಹಿಡಿದುಕೊಟ್ಟಿತು. ಬೇತೊ ಅದನ್ನು ಉಗುರಿನಿಂದ ಕೆರೆದು ನೋಡಿ, ಮಹಾರಾಣಿಯ ಸವಾರಿ ಯಾವ ಬಿಸಿ ಸಮುದ್ರಕ್ಕೆ ಎಂದು ಕೇಳಿದ. ಒಬ್ಬಳೇ ಹೋಗುತ್ತೇನೆ, ಜಾಗ ಹೇಳುವುದಿಲ್ಲ ಎಂದಳು. ಮನೆಯಲ್ಲಿ ವಾರವಿಡೀ ಅದೇ ರಾಮಾಯಣ. ಸೊಸೆಗೆ ಅಲ್ಲಿ ಯಾರೋ ಇರಬೇಕು ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಮೂಗು ಮುರಿದಳು. ಬೇತೊ ಮಾತ್ರ ಜಗಳ ಆಡಲಿಲ್ಲ. ಒಂದು ಸಂಜೆ ಅಂಗಳದಲ್ಲಿ ಕುಳಿತು ಅವಳ ಬೋರ್ಡಿನ ಬಿರುಕನ್ನು ರಾಳ ತುಂಬಿ ಮುಚ್ಚಿದ, ಉಜ್ಜಿ ನುಣುಪು ಮಾಡಿದ. ಇಷ್ಟು ವರ್ಷಗಳಲ್ಲಿ ಅವನು ಅವಳ ವಸ್ತುವೊಂದನ್ನು ಅಷ್ಟು ಮೆತ್ತಗೆ ಮುಟ್ಟಿದ್ದನ್ನು ಅವಳು ನೋಡಿರಲಿಲ್ಲ.

"ಹೋಗ್ಬೇಡ ಅಂತ ನಾನೇನ್ ಹೇಳ್ತಿಲ್ಲ ನೇಲಿ," ಎಂದ. "ಒಬ್ಳೇ ನೀರಿಗಿಳೀತೀಯ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಎಲ್ಲಿ ಅಂತ ಹುಡುಕ್ಲಿ ನಾನು?"

"ಯಾರಿಗೂ ಹೇಳಲ್ಲ ತಾನೇ?"

"ಅಮ್ಮನಾಣೆ."

ಅವಳು ಹೇಳಿಬಿಟ್ಟಳು. ಬುದ್ಧಿಗೇಡಿತನ ಎನ್ನಿ. ಪ್ರೀತಿ ಸಿಕ್ಕಿ ಅಭ್ಯಾಸವಿಲ್ಲದವರು ಸ್ವಲ್ಪ ಸಿಕ್ಕಿದಾಗ ಮನೆಯ ಕೀಲಿಯನ್ನೇ ಕೊಟ್ಟುಬಿಡುತ್ತಾರೆ.

ಅಲೆಯ ಸುದ್ದಿ ಬಂದಾಗ ಬಸ್ ನಿಲ್ದಾಣಕ್ಕೆ ಬೋರ್ಡ್ ಹೊತ್ತು ತಂದವನೂ ಅವನೇ. ದಾರಿಗೆ ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬು, ಎರಡು ತಮಾಲೆ ಕಟ್ಟಿಸಿಕೊಟ್ಟ. ಅವಳು ಬಸ್ಸು ಇಳಿದು, ವ್ಯಾನು ಹತ್ತಿ, ಮೋಟೋ ಟ್ಯಾಕ್ಸಿಯಲ್ಲಿ ಧೂಳು ಕುಡಿದು ಕೇರಿ ತಲುಪಿದಾಗ ಸಮುದ್ರ ಇನ್ನೂ ಸುಮ್ಮನಿತ್ತು. ಪೆತ್ರೊನೀಲಾ ಹುರಿದ ಮೀನು, ಬಾಳೆಕಾಯಿ ಬಡಿಸಿದಳು. ನೇಲಿದಾ ಕೂತಲ್ಲೇ ಉಂಡು, ತಟ್ಟೆಯನ್ನೂ ತೊಳೆಯದೆ ಎದ್ದಳು. ಅಂಥ ಸುಖ ಅವಳು ಕಂಡಿರಲಿಲ್ಲ.

ಬೆಳಗ್ಗೆ ಅಲೆಯ ಮೊರೆತಕ್ಕೆ ಎಚ್ಚರವಾಯಿತು. ಬೋರ್ಡ್ ಕಂಕುಳಲ್ಲಿಟ್ಟುಕೊಂಡು ದಿಬ್ಬ ಹತ್ತಿದವಳು ಅಲ್ಲೇ ನಿಂತಳು. ಕೆಳಗೆ ಪಕಸ್ಮಾಯೊದ ಪಿಕಪ್ಪುಗಳು ನಿಂತಿದ್ದವು. ಒಂದೊಂದೂ ಅವಳಿಗೆ ಗೊತ್ತಿದ್ದ ಗಾಡಿಯೇ. ನೀರಿನಲ್ಲಿ ಊರಿನ ಗಂಡಸರೆಲ್ಲ ಬೋರ್ಡಿನ ಮೇಲೆ ಕೂತಿದ್ದರು. ಹೊಸ ಅಲೆಯನ್ನು ಹುಡುಕಿದವರು ಮೊದಲು ಒಬ್ಬರೇ ಏರಬೇಕು, ಉಳಿದವರು ಕೈಕಟ್ಟಿ ನೋಡಬೇಕು, ಆಮೇಲೆ ಆ ಅಲೆಗೆ ಅವರ ಹೆಸರು. ನಮ್ಮಲ್ಲಿ ಇದು ಪದ್ಧತಿ. ಬಂಡೆಯ ಬುಡದಿಂದ ಕಾಂಡ್ಲಾ ಕಾಡಿನವರೆಗೆ ಆ ಮೊದಲ ಅಲೆಯನ್ನು ಬೇತೊ ಏರಿ ಹೋಗುವುದನ್ನು ನೇಲಿದಾ ದಿಬ್ಬದ ಮೇಲಿಂದ ನೋಡಿದಳು. ಗಂಡಸರು ಶಿಳ್ಳೆ ಹಾಕಿದರು.

ಅವಳು ನೀರಿಗಿಳಿದು ಈಜಿ ಹೋದಳು. ಬೇತೊನ ಗೆಳೆಯ ಓಸಿಯಾಸ್ ಗೌರವದಿಂದಲೇ ಸರಿದು ಜಾಗ ಬಿಟ್ಟ.

"ನೋಡಿ ಅಕ್ಕಾ, ನಿಮ್ಮ ಯಜಮಾನ್ರು ಎಂಥಾ ಅಲೆ ಹುಡುಕಿದಾರೆ," ಎಂದ.

ನೇಲಿದಾ ಗಂಡನ ಕಡೆ ತಿರುಗಿದಳು. "ನೀನಾ ಹುಡುಕಿದ್ದು?"

ಬೇತೊ ಬೋರ್ಡಿಗೆ ಕಟ್ಟಿದ ಕಾಲಿನ ಹಗ್ಗ ಸರಿಮಾಡಿಕೊಳ್ಳುತ್ತಾ ನಕ್ಕ. "ಗಂಡ ಹೆಂಡ್ತಿ ಅಂದ್ಮೇಲೆ ನಿಂದು ನಂದು ಅಂತ ಏನೇ ಇದೆ? ನೀನೊಬ್ಳೇ ಅಂತ ನಂಗೆ ನಿದ್ದೆನೇ ಬರ್ಲಿಲ್ಲ."

ಅವಳು ಎಲ್ಲರನ್ನೂ ದಾಟಿ ಬಂಡೆಯ ಬುಡಕ್ಕೆ ಹೋಗಿ ಕೂತಳು. ಅಲೆ ಒಡೆಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ದೊಡ್ಡದೊಂದು ಎದ್ದು ಬಂತು. ಅವಳು ಬೋರ್ಡಿನ ಮೇಲೆ ಬೋರಲಾಗಿ ಕೈಯಿಂದ ನೀರು ಎಳೆದಳು, ಎದ್ದು ನಿಂತಳು. ಗಟ್ಟಿ ಮೇಣ ಕಾಲನ್ನು ಹಿಡಿದಿತ್ತು, ಮುಂದೆ ನೀರಿನ ಗೋಡೆ ಉದ್ದಕ್ಕೂ ತೆರೆದಿತ್ತು. ಆಗ ಬೇತೊ ಅವಳ ಮುಂದೆಯೇ ಅದೇ ಅಲೆಗೆ ನುಗ್ಗಿ ಇಳಿದ. ಹೊಟ್ಟೆಕಿಚ್ಚಿಗೂ ಅಲ್ಲ, ದ್ವೇಷಕ್ಕೂ ಅಲ್ಲ. ಅಲ್ಲಿ ಅವಳಿದ್ದಾಳೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ಅವಳು ಡಿಕ್ಕಿ ತಪ್ಪಿಸಲು ಬೋರ್ಡ್ ತಿರುಗಿಸಿ ನೊರೆಯಲ್ಲಿ ಮುಳುಗಿದಳು.

ಎದ್ದಾಗ ಅವನು ದೂರದಿಂದ ಕೂಗಿದ, "ಕೂಗಿ ಹೇಳೋದಲ್ವೇನೇ."

ಅವಳು ಊರಿನ ಗಂಡಸರ ಮುಂದೆ ಕೂಗಾಡಲಿಲ್ಲ, ಅಳಲೂ ಇಲ್ಲ. ನೇರ ದಡಕ್ಕೆ ಈಜಿದಳು.

ಪೆತ್ರೊನೀಲಾ ಬಾಗಿಲಲ್ಲೇ ಕಾದಿದ್ದಳು. ಕೈಯಲ್ಲಿ ಹಿಟ್ಟು ಹತ್ತಿತ್ತು, ಮುಖದಲ್ಲಿ ಗೊಂದಲ.

"ಮಗಳೇ, ಬೆಳಗ್ಗೆ ನೀನು ಹಿತ್ತಲಲ್ಲಿ ಬೋರ್ಡಿಗೆ ಮೇಣ ಹಚ್ಚೋವಾಗ್ಲೇ ಒಬ್ಬ ಬಂದು, ನಾನು ಅವಳ ಗಂಡ ಅಂತ ನಿನ್ನ ಕೋಣೇಲಿ ಬ್ಯಾಗ್ ಇಟ್ಟು ಹೋದ. ನಾನು ಹೇಳೋಷ್ಟರಲ್ಲಿ ನೀನು ಹೊರಟೇ ಹೋಗಿದ್ದೆ. ಮಧ್ಯಾಹ್ನಕ್ಕೆ ಎಲ್ರಿಗೂ ಊಟ ಆಗ್ಬೇಕಂತೆ. ಅಡುಗೆಗೆ ಅವಳಿದಾಳಲ್ಲ, ನೋಡ್ಕೋತಾಳೆ ಅಂದ. ನಿನ್ನ ಕಡೆಯವರೇನಾ?"

ನೇಲಿದಾಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ತೆರೆದ ಬಾಗಿಲಿನಿಂದ ಅವಳ ಮಂಚ ಕಾಣಿಸುತ್ತಿತ್ತು, ಮಂಚದ ಮೇಲೆ ಅವನ ಬ್ಯಾಗು ಕಾಲು ಚಾಚಿ ಮಲಗಿದಂತಿತ್ತು.

"ನನ್ನ ಕಡೆಯವರು ಯಾರೂ ಇಲ್ಲಮ್ಮ," ಎಂದಳು. "ನಾನು ಒಬ್ಳೇ ಬಂದಿದೀನಿ. ಆ ಬ್ಯಾಗ್ ಯಾರದೋ ನಂಗೊತ್ತಿಲ್ಲ."

ಪೆತ್ರೊನೀಲಾ ಅವಳ ಮುಖ ನೋಡಿದಳು. ಒಳಗೆ ಹೋಗಿ ಬ್ಯಾಗನ್ನು ಎತ್ತಿ ತಂದು ಬೇಲಿಯಾಚೆ, ಹಂದಿಗಳು ಮಲಗುವ ಕಡೆ ಎಸೆದು, ಕೈ ಒರೆಸಿಕೊಂಡು ಒಬ್ಬರಿಗಾಗುವಷ್ಟು ಕಾಫಿಗೆ ನೀರಿಟ್ಟಳು.