ವಂಡ್ಸೆ ಬಸ್ಸಿನ ಸರ್ವೆ

ನನ್ನ ಬಾಯಿಗೆ ಬೆಂಕಿ ಬೀಳ. ಗಂಗೊಳ್ಳಿಯಿಂದ ವಂಡ್ಸೆಗೆ ಹೋಗುತ್ತಿದ್ದ ಬೆಳಗ್ಗಿನ ಬಸ್ಸು ನಿಂತದ್ದು ನನ್ನಿಂದ. ಮೀನಿನ ಬುಟ್ಟಿ ಹತ್ತಿಸಿಕೊಳ್ಳುತ್ತಿದ್ದ ಬಸ್ಸು ಅದೊಂದೇ.

ಮಳೆಗಾಲ ಮುಗಿದ ಮೇಲೆ ಶ್ರಾವ್ಯ ಎಂಬ ಹುಡುಗಿ ಬಂದರಿಗೆ ಬಂದಳು. ಯಾವ ದಾರಿಯಲ್ಲಿ ಎಷ್ಟು ಜನ ಓಡಾಡುತ್ತಾರೆ ಎಂದು ಮೊಬೈಲಿನಿಂದಲೇ ತಿಳಿಯುವ ಸರ್ವೆಯಂತೆ. ಮೀನು ಮಾರುವ ನಮ್ಮ ಹದಿನಾಲ್ಕು ಹೆಂಗಸರ ಮೊಬೈಲಿಗೂ ಏನೋ ಒಂದು ಆ್ಯಪ್ ಹಾಕಿಕೊಟ್ಟಳು. "ಹದಿನೈದ್ ದಿನ ಮೊಬೈಲ್ ನಿಮ್ಮೊಟ್ಟಿಗೇ ಇರ್ಲಿ ಅಕ್ಕ. ಅದನ್ನ್ ಕಂಡೇ ಬಸ್ಸಿನ್ ಟೈಮ್ ಮಾಡ್ತ್ರ್," ಅಂದಳು.

ನನಗೆ ಮೈ ಉರಿಯಿತು. ನಮ್ಮಲ್ಲಿ ಒಬ್ಬೊಬ್ಬಳಿಗೂ ಖಾಯಂ ಮನೆಗಳಿರುತ್ತವೆ. ಒಬ್ಬಳ ಮನೆಯಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವಂತಿಲ್ಲ. ಅತ್ತೆ ಸೊಸೆಗೆ ಬಿಟ್ಟುಹೋಗುವ ಆಸ್ತಿ ಅದು. ನನ್ನ ಮನೆಗಳ ದಾರಿ ಮೊಬೈಲಿನಲ್ಲಿ ಬಯಲಾದರೆ, ಟೆಂಪೊದಲ್ಲಿ ಮೀನು ಮಾರುವವರು ನಾಳೆ ಅದೇ ಬಾಗಿಲಲ್ಲಿ ಹಾರ್ನ್ ಹೊಡೆಯುವುದಿಲ್ಲವೇ?

"ಹ್ವಾಯ್, ಯಾರೂ ಮೊಬೈಲ್ ತಕಂಡ್ ಹೋಪುದ್ ಬ್ಯಾಡ. ಮನೆಯಲ್ಲೇ ಇಡಿ," ಎಂದು ಎಲ್ಲರಿಗೂ ತಾಕೀತು ಮಾಡಿದೆ.

ಸುಂದರಿಯಕ್ಕ ಮಾತ್ರ ಒಪ್ಪಲಿಲ್ಲ. ವಯಸ್ಸು ಅರವತ್ತು ದಾಟಿದೆ, ಎರಡೂ ಮಂಡಿ ಹೋಗಿವೆ. "ಬಸ್ಸಿಗೆ ಬೇಕ್ ಅಂಬ್ರ್ ಅಲ್ದಾ? ನಾ ತಕಂಡ್ ಹೋತೆ," ಅಂದಳು.

"ನಿಂಗೆಂತ ಮರ್ಲಾ, ತಲೆ ಸಮ ಇಲ್ಯಾ?" ಎಂದು ಗದರಿ, ಅವಳ ಸೊಂಟದ ಚೀಲದಿಂದ ಮೊಬೈಲ್ ಕಿತ್ತು, ಮನೆಯಲ್ಲೇ ಇಡೆಂದು ಅವಳ ಸೊಸೆಯ ಕೈಗೆ ಕೊಟ್ಟವಳು ನಾನೇ.

ಎರಡು ತಿಂಗಳಿಗೆ ಬಸ್ಸು ನಿಂತಿತು. ಜಗಳಕ್ಕೆಂದು ಸರ್ವೆಯವರ ಕಚೇರಿಗೆ ಹೋದೆ. ಶ್ರಾವ್ಯ ಕಂಪ್ಯೂಟರ್ ತಿರುಗಿಸಿ ನಕ್ಷೆ ತೋರಿಸಿದಳು. ನಮ್ಮ ಹದಿನಾಲ್ಕು ಚುಕ್ಕೆಗಳೂ ಹದಿನೈದು ದಿನ ಗಂಗೊಳ್ಳಿ ಬಿಟ್ಟು ಕದಲಿರಲಿಲ್ಲ.

"ಕಾಣಿ ಅಕ್ಕ, ವಂಡ್ಸೆಗೆ ಹೋಪರೇ ಇಲ್ಲೆ ಅಂತ್ ಬಂತ್. ಎಂತಕ್ಕೆ ಹೀಂಗಾಯ್ತ್?" ಎಂದು ಅವಳು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಇನ್ನೊಂದು ಸರ್ವೆ ಎರಡು ವರ್ಷ ಬಿಟ್ಟೇ ಅಂತೆ.

ಈಗ ಗೂಡ್ಸ್ ರಿಕ್ಷಾದಲ್ಲಿ ಬುಟ್ಟಿಯೊಟ್ಟಿಗೆ ಕೂತು ಹೋಗುತ್ತೇವೆ. ಅದು ಮುಖ್ಯರಸ್ತೆಯಲ್ಲೇ ಇಳಿಸುತ್ತದೆ, ಅಲ್ಲಿಂದ ಒಳಗೆ ಎರಡು ಮೈಲಿ ನಡಿಗೆ. ಸುಂದರಿಯಕ್ಕ ನಾಲ್ಕು ದಿನ ನಡೆದಳು. ಐದನೆಯ ದಿನ ಮಂಡಿ ಊದಿ ಮನೆಯಲ್ಲೇ ಉಳಿದಳು.

ಎಲ್ಲ ಹೇಳಿಬಿಡಬೇಕೆಂದೇ ನಿನ್ನೆ ಅವಳ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದುಕೊಂಡಳು.

"ಹೆಣೆ ವನಜ, ನನ್ ಖಾಯಂ ಮನಿಗೆಲ್ಲ ಇನ್ನ್ ನೀನೇ ಮೀನ್ ಕೊಡ್. ಸೊಸೆಗ್ ಆತಿಲ್ಲೆ. ಚಂದಯ್ಯನ ಹೆಂಡ್ತಿಗೆ ಸಿಗಡಿ ಕೊಡ್ಬ್ಯಾಡ, ಮೈ ತುರಿಸತ್ತ್. ಟೀಚರಮ್ಮನ ಮನಿಗೆ ಬಂಗುಡಿ ಸಣ್ಣದೇ ಬೇಕ್."

"ಅಕ್ಕಾ, ಬಸ್ಸ್ ನಿಂತದ್ದ್ ನನ್ನಿಂದ," ಅಂದೆ. ಅಳು ತಡೆಯಲಾಗಲಿಲ್ಲ.

"ಗೊತ್ತಿತ್ತ್. ಆ ಹೆಣ್ಣ್ ಬಂದ್ ಹೇಳಿ ಹೋಯ್ತ್."

ಬೈಯಲಿಲ್ಲ. ಬೈದಿದ್ದರೆ ನನ್ನ ಪಾಪ ಚೂರಾದರೂ ಇಳಿಯುತ್ತಿತ್ತೋ ಏನೋ. ಹಿಡಿದ ಕೈಯನ್ನೂ ಬಿಡಲಿಲ್ಲ.

"ಮತ್ತೆ ಕೇಣ್," ಅಂದಳು, "ಬಾವಿಕಟ್ಟಿ ಹತ್ರದ್ ಮನಿ ಅಜ್ಜಿಗೆ ಕಣ್ಣ್ ಕಾಂತಿಲ್ಲೆ. ಮೀನ್ ನೀನೇ ಕೊಯ್ದ್ ತೊಳ್ದ್ ಕೊಟ್ಟಿಕ್ಕ್ ಬಾ."